ಬೈಕ್ ತೆಗೆಯಲು ಎದ್ದವರು

ಸಿನಿಮಾ ನೋಡದೆ ಸಿನಿಮಾದ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್ ಕಾರ್ಡ್ ಹಿಡಿದುಕೊಂಡು ಬಂದವರು ಮಿಷನ್ ಬಿಸಿಯಾಗುವವರೆಗೆ ನಿಲ್ಲಬೇಕಲ್ಲ, ಅಷ್ಟರಲ್ಲಿ ಆ ವಾರದ ಪಿಚ್ಚರಿನ ಜಾತಕ ಬರೆದು ಮುಗಿಸುತ್ತಾರೆ. "ಡಬ್ಬ ಅಂತೆ ಕಣಕ್ಕ." "ಇಂಟರ್‌ವೆಲ್ ಆದ್ಮೇಲೆ ಎಳ್ದವ್ನಂತೆ." ನೀನು ನೋಡಿದ್ಯೇನಪ್ಪ ಅಂತ ಕೇಳಿದರೆ, ಇಲ್ಲ, ಫೋನಿನಲ್ಲಿ ಯಾರೋ ಹೇಳುತ್ತಿದ್ದನಂತೆ. ಊಟ ಮಾಡದೆ ಉಪ್ಪು ಜಾಸ್ತಿ ಅನ್ನುವ ಜನ.

ಇನ್ನೊಂದು ಜಾತಿಯವರಿದ್ದಾರೆ. ಇವರು ನೋಡುತ್ತಾರೆ, ಪೂರ್ತಿ ನೋಡುವುದಿಲ್ಲ. ನಮ್ಮ ಕಡೆಯ ಗಂಡಸರಿಗೆ ಇದೊಂದು ರೋಗ. ಪಿಚ್ಚರ್ ಮುಗಿಯಲು ಹತ್ತು ನಿಮಿಷ ಇದೆ ಅನ್ನುವಾಗ ಜೇಬು ತಡವಿ ಬೀಗದ ಕೈ ತೆಗೆಯುತ್ತಾರೆ, ಪಂಚೆ ಎತ್ತಿ ಕಟ್ಟುತ್ತಾರೆ, ನಮ್ಮ ಮೊಣಕಾಲಿಗೆ ಉಜ್ಜಿಕೊಂಡು ಸಾಲು ದಾಟುತ್ತಾರೆ. ಯಾಕೆ ಅಂದರೆ ಸ್ಟ್ಯಾಂಡಿನಲ್ಲಿ ಬೈಕು ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಬಂದರೆ ತೆಗೆಯಲು ಆಗುವುದಿಲ್ಲ. ಹಾಗಂತ ಎಲ್ಲರೂ ಒಟ್ಟಿಗೆ ಮುಂಚೆಯೇ ಎದ್ದು ಹೋಗಿ ಅಲ್ಲಿಯೂ ಸಿಕ್ಕಿಹಾಕಿಕೊಂಡು ಹಾರನ್ ಹೊಡೆಯುತ್ತಾರೆ. ಒಳಗೆ ತೆರೆಯ ಮೇಲೆ ಯಾರೋ ಸಾಯುತ್ತಿರುತ್ತಾರೆ, ಹೊರಗೆ ಇವರು ಕಿಕ್ಕರ್ ಒದೆಯುತ್ತಿರುತ್ತಾರೆ. ಈ ರೋಗವನ್ನು ನಾನು ಎಷ್ಟೋ ವರ್ಷ ಬೈದುಕೊಂಡು ಸುಮ್ಮನಾಗಿದ್ದೆ. ಇದು ನಮ್ಮ ಮನೆಯ ಹೆಣ್ಣುಮಗಳ ತಲೆಯ ಮೇಲೇ ಬಂದು ಕೂತಿದೆ ಅಂತ ಗೊತ್ತಾದದ್ದು ಹೋದ ವರ್ಷ.

ನಾವು ನಾಲ್ಕು ಜನ ಅಕ್ಕತಂಗಿಯರು. ಸಾಲಗಾಮೆ ಕಡೆಯವರು. ದೊಡ್ಡಕ್ಕನನ್ನು ಹೊಳೆನರಸೀಪುರಕ್ಕೆ ಕೊಟ್ಟರು, ಅಕ್ಕನನ್ನು ಅರಕಲಗೂಡಿಗೆ, ನನ್ನನ್ನು ಹಾಸನಕ್ಕೆ, ಕೊನೆಯವಳನ್ನು ಚನ್ನರಾಯಪಟ್ಟಣಕ್ಕೆ. ಚಿಕ್ಕವರಿದ್ದಾಗ ಅಪ್ಪ ಹಾಸನಕ್ಕೆ ಕರೆದುಕೊಂಡು ಹೋಗಿ ಪಿಚ್ಚರ್ ತೋರಿಸುತ್ತಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬೊಬ್ಬಳನ್ನೂ "ಹೆಂಗಿತ್ತು, ಹೇಳು" ಅಂತ ಕೇಳುತ್ತಿದ್ದರು. ಚೆನ್ನಾಗಿತ್ತು ಅಂದರೆ ಸಾಲದು, ಯಾಕೆ ಅಂತ ಹೇಳಬೇಕಿತ್ತು. ಆ ಚಟ ನಮಗೆ ಹೋಗಲಿಲ್ಲ. ಈಗ ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡ ಮೇಲೆ ನಾಲ್ಕು ಜನವೂ ಕಾನ್ಫರೆನ್ಸ್ ಕಾಲಿಗೆ ಬರುತ್ತೇವೆ. ಗಂಡ, ಮಕ್ಕಳು, ಅತ್ತೆ, ಸಕ್ಕರೆ ಕಾಯಿಲೆ, ಇವೆಲ್ಲ ಬೇರೆ ದಿನ. ಭಾನುವಾರ ಬರೀ ಸಿನಿಮಾ. ಅದಕ್ಕೆ ಎರಡು ಕಟ್ಟಳೆ ಇವೆ. ಟಾಕೀಸಿನಲ್ಲೇ ನೋಡಿರಬೇಕು, ಫೋನಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಮತ್ತೆ, ನಾಲ್ಕು ಜನವೂ ನೋಡುವವರೆಗೆ ಕೊನೆ ಏನಾಯಿತು ಅಂತ ಯಾರೂ ಬಾಯಿ ಬಿಡಬಾರದು.

ಯಾವಾಗಲೂ ಕೊನೆಯಲ್ಲಿ ನೋಡುವವಳು ಅರಕಲಗೂಡಿನ ಅಕ್ಕ. ಅವಳ ಊರಿನ ಟಾಕೀಸು ಮುಚ್ಚಿ ಅಲ್ಲೀಗ ಸಿಮೆಂಟು ಮೂಟೆ ಜೋಡಿಸಿದ್ದಾರೆ. ಮೊದಲು ಅವಳ ಹತ್ತಿರ ಒಂದು ಸ್ಕೂಟರ್ ಇತ್ತು, ತಾನೇ ಚೀಟಿ ಹಾಕಿ ಎತ್ತಿ ತಗೊಂಡದ್ದು. ಬಸ್‌ಸ್ಟ್ಯಾಂಡಿನವರೆಗೆ ಗಾಡಿಯಲ್ಲಿ ಬಂದು, ನಿಲ್ಲಿಸಿ, ಬಸ್ಸು ಹತ್ತಿ ಹಾಸನಕ್ಕೆ ಬಂದು, ನನ್ನ ಜೊತೆ ಮ್ಯಾಟಿನಿ ನೋಡಿ ಸಂಜೆಗೆ ಮನೆ ಸೇರುತ್ತಿದ್ದಳು. ಒಂದು ದಿನ ಭಾವ ಆ ಗಾಡಿ ಮಾರಿದರು. ಅವಳನ್ನು ಕೇಳಲಿಲ್ಲ. "ನಾನಿದ್ದೀನಲ್ಲ ಕರ್ಕೊಂಡೋಗಕ್ಕೆ" ಅಂದರಂತೆ. ಆಗಲೇ ನಾನು ಸಿಟ್ಟಿನಿಂದ ಕುಣಿದಾಡಿದ್ದೆ. ಅಕ್ಕ, "ಓಗ್ಲಿ ಬಿಡೆ, ಹಳೇ ಗಾಡಿ" ಅಂದಿದ್ದಳು.

ಆಮೇಲೂ ಭಾನುವಾರದ ಮಾತಿಗೆ ಅವಳು ತಪ್ಪಲಿಲ್ಲ. ನೋಡಿದೆ ಕಣೆ, ಇವರು ಕರ್ಕೊಂಡೋಗಿದ್ರು, ಚೆನ್ನಾಗೈತೆ. ನಾವೂ ನಂಬಿದೆವು. ಅವಳ ಅಭಿಪ್ರಾಯಗಳು ಮಾತ್ರ ಯಾಕೋ ಸಪ್ಪೆ ಸಪ್ಪೆಯಾಗುತ್ತಾ ಬಂದವು. ಮೊದಲು ಹೀರೋಯಿನ್ನು ಉಟ್ಟ ಸೀರೆಯ ಅಂಚಿನಿಂದ ಹಿಡಿದು ಹಿಂದೆ ನಿಂತವಳ ಮುಖದವರೆಗೆ ಹೇಳುತ್ತಿದ್ದವಳು, ಈಗ "ಫೈಟ್ ಚೆನ್ನಾಗ್ ಕೊಟ್ಟವ್ನೆ" ಅನ್ನತೊಡಗಿದಳು. ಹುಟ್ಟಿದಾಗಿನಿಂದ ಫೈಟ್ ಬಂದರೆ ಕಣ್ಣು ಮುಚ್ಚಿಕೊಳ್ಳುವವಳು ಅವಳು.

ಹೋದ ವರ್ಷ ಒಂದು ಪಿಚ್ಚರ್ ಬಂತು. ದೊಡ್ಡ ಹೆಸರಿನದೇನಲ್ಲ. ಹೆಂಡತಿ ಕರುವಿನಿಂದ ಸಾಕಿದ ಹಸುವನ್ನು ಗಂಡ ಅವಳಿಗೆ ಹೇಳದೆ ಮಾರುತ್ತಾನೆ. ಯಾಕೆ ಮಾರಿದೆ ಅಂತ ಕೇಳಿದ್ದಕ್ಕೆ ಕೊಳ್ಳಲು ಬಂದವರ ಎದುರಿಗೇ ಕೆನ್ನೆಗೆ ಹೊಡೆಯುತ್ತಾನೆ. ಆಮೇಲೆ ಕಾಯಿಲೆ ಬೀಳುತ್ತಾನೆ, ಅವಳೇ ಆರೈಕೆ ಮಾಡುತ್ತಾಳೆ, ಅವನು ಅವಳ ಕಾಲು ಹಿಡಿದು ಅಳುತ್ತಾನೆ. ನಾನು ನೋಡಿದೆ, ದೊಡ್ಡಕ್ಕ ನೋಡಿದಳು, ತಂಗಿ ನೋಡಿದಳು. ಎರಡು ಭಾನುವಾರ ಬಾಯಿಗೆ ಬೀಗ ಹಾಕಿಕೊಂಡು ಕಾದೆವು. ಮೂರನೆಯ ಭಾನುವಾರ ಅಕ್ಕ, "ನೋಡ್ದೆ ಕಣ್ರೆ" ಅಂದಳು.

"ಹೆಂಗಿತ್ತಕ್ಕ?" ಅಂದಳು ತಂಗಿ.

"ಚೆನ್ನಾಗೈತೆ. ಒಂದೇಟು ಹೊಡ್ದ ಅಂತ ಆ ಹೆಂಗಸು ಅಷ್ಟೊಂದು ಮುಖ ಊದಿಸ್ಕಬಾರ್ದಿತ್ತು. ಪ್ರೀತಿ ಇರೋ ಕಡೆ ಒಂದು ಮಾತು ಬತ್ತದೆ, ಒಂದು ಏಟು ಬತ್ತದೆ."

ನನಗೆ ಎಲ್ಲಿತ್ತೋ ಕೋಪ. ಬಾಯಿಗೆ ಬಂದಂತೆ ಬೈದೆ. ಅಪ್ಪ ನಮ್ಮನ್ನು ಓದಿಸಿದ್ದು ದಂಡ ಅಂದೆ. ಅಕ್ಕ ತಣ್ಣಗೆ, "ಕೊನೇಗೆ ಅವ್ನೇ ಕಾಲು ಹಿಡ್ಕಂಡ್ನಲ್ಲ, ಇನ್ನೇನು ಬೇಕಿತ್ತು ಅವ್ಳಿಗೆ? ಇಬ್ರೂ ಒಂದಾದ್ರು" ಅಂದಳು.

ದೊಡ್ಡಕ್ಕ ಕೇಳಿದಳು, "ಆಮೇಲೆ?"

"ಆಮೇಲೇನು, ಮುಗೀತಲ್ಲ."

ಪಿಚ್ಚರ್ ಅಲ್ಲಿ ಮುಗಿಯುವುದಿಲ್ಲ. ಇನ್ನೂ ಹತ್ತು ನಿಮಿಷ ಇದೆ. ಅವನು ಎದ್ದು ಓಡಾಡುವಂತಾದ ಮೇಲೆ ಅವಳು ಬಾಗಿಲ ಹಿಂದೆ ನೇತುಹಾಕಿದ್ದ ಹಸುವಿನ ಹಗ್ಗ ತಗೊಂಡು, ಹಸು ಹುಡುಕಿಕೊಂಡು ಹೋಗುತ್ತಾಳೆ. ವಾಪಸು ಬರುವುದಿಲ್ಲ. ಇಡೀ ಪಿಚ್ಚರ್ ಇರುವುದೇ ಅದಕ್ಕೆ. ತಂಗಿ "ಮತ್ತೆ ಆ ಹಗ್ಗ" ಅಂತ ಶುರು ಮಾಡಿ ತಟಕ್ಕನೆ ನಿಲ್ಲಿಸಿದಳು. ದೊಡ್ಡಕ್ಕ ಅವರೆಕಾಯಿಯ ವಿಷಯ ತೆಗೆದಳು.

ಮಾರನೆಯ ದಿನ ಅಂಗಡಿಯಿಂದಲೇ ಅಕ್ಕನಿಗೆ ಒಬ್ಬಳಿಗೇ ಫೋನು ಮಾಡಿದೆ. ನಿಜ ಹೇಳು ಅಂದೆ. ಹೇಳಿದಳು. ಗಾಡಿ ಮಾರಿದ ಮೇಲೆ ಅವಳು ಒಂದು ಪಿಚ್ಚರನ್ನೂ ನೋಡಿಲ್ಲ. ಭಾವನದು ಗೊಬ್ಬರದ ಅಂಗಡಿ, ಶುಕ್ರವಾರ ಬೈಕಿನಲ್ಲಿ ಹಾಸನಕ್ಕೆ ಬರುತ್ತಾರೆ, ಕೆಲಸ ಮುಗಿಸಿ ಮ್ಯಾಟಿನಿ ನೋಡುತ್ತಾರೆ, ಊಟಕ್ಕೆ ಕೂತಾಗ ಅವಳಿಗೆ ಕತೆ ಹೇಳುತ್ತಾರೆ. ಕತೆಯ ಜೊತೆಗೆ ಯಾವುದು ಚೆನ್ನಾಗಿದೆ, ಯಾರದು ತಪ್ಪು ಅನ್ನುವುದನ್ನೂ ಹೇಳುತ್ತಾರೆ. ಅವಳು ಅದನ್ನು ಭಾನುವಾರ ನಮಗೆ ಒಪ್ಪಿಸುತ್ತಿದ್ದಳು.

"ನೋಡಿಲ್ಲ ಅಂದ್ರೆ ನೀವು ನನ್ನ ಫೋನಿಗೆ ಸೇರುಸ್ಕತಿರ್ಲಿಲ್ವಲ್ಲೆ" ಅಂದಳು.

ಅಂದರೆ ಇಷ್ಟು ದಿನ ನಾವು ಮೂರು ಜನ ಭಾನುವಾರ ಕೂತು ಕೇಳಿದ್ದು ಭಾವನನ್ನು. ಫೈಟ್ ಚೆನ್ನಾಗಿ ಕೊಟ್ಟವ್ನೆ ಅಂದದ್ದು ಆ ಮಹಾನುಭಾವ. ಒಂದು ಏಟು ಬತ್ತದೆ ಅಂದದ್ದೂ ಅವರೇ. ಅದೂ ಬೈಕ್ ತೆಗೆಯಲು ಹತ್ತು ನಿಮಿಷ ಮುಂಚೆ ಎದ್ದು ಬಂದ ಮನುಷ್ಯನ ತೀರ್ಪು. ಆ ಸಿಟ್ಟಿನಲ್ಲಿ ಯಾರದೋ ಮಾರ್ಕ್ಸ್ ಕಾರ್ಡಿನ ಖಾಲಿ ಹಿಂಬದಿಯನ್ನೇ ಜೆರಾಕ್ಸ್ ತೆಗೆದೆ.

ಭಾವನನ್ನು ಊರಲ್ಲಿ ಕೆಟ್ಟವರು ಅಂತ ಯಾರೂ ಅನ್ನುವುದಿಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಯಾರ ಮನೆಯ ಮದುವೆಗಾದರೂ ಮೊದಲು ನಿಂತು ಬಡಿಸುವವರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗೆ. ಆ ವಾರವೇ ಅಂಗಡಿಗೆ ಬೀಗ ಹಾಕಿ ಅರಕಲಗೂಡಿಗೆ ಹೋದೆ. ಭಾವ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಬಾಮ್ಮ, ಏನು ಅಪರೂಪಕ್ಕೆ?"

"ಅಕ್ಕನ್ನ ಪಿಚ್ಚರಿಗೆ ಕರ್ಕೊಂಡೋಗಕ್ಕೆ ಬಂದೆ ಭಾವ. ಹೊಳೆನರಸೀಪುರದಲ್ಲಿ ಇನ್ನೂ ಓಡ್ತಾ ಇದೆ, ಆ ಹಸು ಪಿಚ್ಚರು."

"ಅಯ್ಯೋ, ಅದನ್ನ ಏಳಿದ್ನಲ್ಲಮ್ಮ ಅವ್ಳಿಗೆ. ಒಂದು ಸೀನೂ ಬಿಡ್ದಂಗೆ ಏಳಿದ್ದೀನಿ. ಮತ್ಯಾಕೆ ಬಸ್ಸಲ್ಲಿ ಅಲ್ಲಾಡ್ಕೊಂಡು ಓಗೋದು? ಅವ್ಳಿಗೂ ಆಸೆ ಇಲ್ಲ, ಬೇಕಾರೆ ಕೇಳು."

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಸೌಟು. ನನ್ನ ಕಡೆ ನೋಡಲಿಲ್ಲ. "ನಂಗೇನು ಬೇಡ ಬಿಡೆ" ಅಂದಳು.

ನನಗೆ ಆ ಸೌಟು ಕಿತ್ತುಕೊಂಡು ಯಾರ ತಲೆಗೆ ಹಾಕಲಿ ಅನ್ನಿಸಿತು. ತಡೆದುಕೊಂಡು ಕೇಳಿದೆ, "ಕೊನೇಲಿ ಏನಾಯ್ತು ಭಾವ?"

"ಕಾಲು ಹಿಡ್ಕಂಡು ಅಳ್ತಾನೆ."

"ಆಮೇಲೆ?"

"ಆಮೇಲೇನಮ್ಮ, ಶುಭಂ."

"ನೀವು ಗಾಡಿ ತೆಗೆಯಕ್ಕೆ ಎದ್ದು ಬಂದ್ರಿ. ಅದಾದ್ಮೇಲೆ ಹತ್ತು ನಿಮಿಷ ಇದೆ."

ಭಾವ ನಕ್ಕರು. "ಕೊನೇಲಿ ಏನಿರ್ತದಮ್ಮ? ಇರೋದೆಲ್ಲ ಮುಂಚೇನೇ ಮುಗ್ದೋಗಿರ್ತದೆ. ಕತೆ ಗೊತ್ತಾಗಕ್ಕೆ ಅಷ್ಟು ಸಾಕು."

ಅಕ್ಕ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. "ಏನಾಯ್ತೆ ಆಮೇಲೆ?"

ಹೇಳಿಬಿಡಬಹುದಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅವಳು ನೋಡಿಲ್ಲ, ನಾಲ್ಕು ಜನವೂ ನೋಡುವವರೆಗೆ ಕೊನೆ ಹೇಳುವಂತಿಲ್ಲ. "ಹೇಳಲ್ಲ" ಅಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು, ಅವರಿಗೆ ಅದು ಗೊತ್ತಿಲ್ಲ ಅನ್ನುವುದನ್ನು ಈಗ ತಾನೇ ಕಂಡವಳ ಹಾಗೆ. ಒಳಗೆ ಹೋದಳು. ಬಂದಾಗ ಸೀರೆ ಬದಲಾಗಿತ್ತು. "ಅನ್ನ ಸಾರು ಒಲೆ ಮೇಲೈತೆ, ಬಡಿಸ್ಕಳಿ" ಅಂದಳು. ಭಾವ ಪೇಪರ್ ಮಡಚಿ ಏನೋ ಹೇಳಲು ಬಾಯಿ ತೆರೆದರು. ನಾವು ಆಗಲೇ ಗೇಟು ದಾಟಿದ್ದೆವು.

ನಾನು ಮೊದಲೇ ಹೇಳಿಟ್ಟಿದ್ದ ಹಾಗೆ ಹೊಳೆನರಸೀಪುರದ ಟಾಕೀಸಿನಲ್ಲಿ ದೊಡ್ಡಕ್ಕ ಸೀಟು ಹಿಡಿದಿದ್ದಳು, ಚನ್ನರಾಯಪಟ್ಟಣದಿಂದ ತಂಗಿ ಬಂದಿದ್ದಳು. ಮೂರು ಜನ ಪಿಚ್ಚರ್ ಬಿಟ್ಟು ಅಕ್ಕನ ಮುಖ ನೋಡುತ್ತಿದ್ದೆವು. ಹಸು ಹೋಗುವಾಗ ಅವಳು ಅಳಲಿಲ್ಲ. ಏಟು ಬಿದ್ದಾಗಲೂ ಅಳಲಿಲ್ಲ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ ಕೂತಿದ್ದಳು.

ಗಂಡ ಕಾಲು ಹಿಡಿದ. ಸರಿಯಾಗಿ ಅದೇ ಹೊತ್ತಿಗೆ ಮುಂದಿನ ಸಾಲುಗಳಲ್ಲಿ ಬೀಗದ ಕೈಗಳ ಸದ್ದು. ಒಬ್ಬೊಬ್ಬರೇ ಎದ್ದರು. ನಮ್ಮ ಮುಂದಿನವನು ಎದ್ದು, ಪಂಚೆ ಕೊಡವಿ, ಪರದೆಗೆ ಅಡ್ಡವಾಗಿ ನಿಂತುಕೊಂಡೇ ಸ್ನೇಹಿತನಿಗೆ ಕೈಸನ್ನೆ ಮಾಡತೊಡಗಿದ. ನಾನು ಬೈಯಲು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದಿಂದ ಧ್ವನಿ ಬಂತು.

"ಕುತ್ಕಳಯ್ಯ. ಇನ್ನೂ ಐತೆ."

ನಮ್ಮ ಮನೆಯಲ್ಲಿ ಯಾರ ಮೇಲೂ ಧ್ವನಿ ಏರಿಸದವಳು ಅಕ್ಕ. ಆ ಮನುಷ್ಯ ತಿರುಗಿ ನೋಡಿ, "ಗಾಡಿ ತೆಗೀಬೇಕು ಕಣಮ್ಮ" ಅಂದ.

"ನಿನ್ ಗಾಡಿ ಎಲ್ಲೂ ಓಗಲ್ಲ. ಕುತ್ಕ."

ಕೂತ. ಅವನ ಪಕ್ಕದವನೂ ಕೂತ. ತೆರೆಯ ಮೇಲೆ ಆ ಹೆಂಗಸು ಬಾಗಿಲ ಹಿಂದಿನಿಂದ ಹಗ್ಗ ತಗೊಂಡಳು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ಯಾರಿಗೂ ಕೇಳಲು ಧೈರ್ಯವಿಲ್ಲ. ಕಾಫಿ ಬಂದ ಮೇಲೆ ತಂಗಿ ಮೆಲ್ಲಗೆ, ಅಪ್ಪ ಬಸ್ಸಿನಲ್ಲಿ ಕೇಳುತ್ತಿದ್ದ ಹಾಗೆ, "ಹೆಂಗಿತ್ತು, ಹೇಳು" ಅಂದಳು.

"ಚೆನ್ನಾಗಿಲ್ಲ" ಅಂದಳು ಅಕ್ಕ.

ನಾವು ದಂಗಾದೆವು. ನಾನು ಆ ಪಿಚ್ಚರನ್ನು ಕಂಡಕಂಡವರಿಗೆಲ್ಲ ಹೊಗಳಿಕೊಂಡು ತಿರುಗಿದ್ದೆ.

"ನೋಡ್ದಲೆ ಇರೋದನ್ನ ಹೊಗಳ್ಬೋದು ಕಣೆ, ಬಯ್ಯಕಾಗಲ್ಲ. ಅದಕ್ಕೆ ಇಷ್ಟು ದಿನ ಎಲ್ಲನೂ ಹೊಗಳ್ದೆ" ಅಂದಳು. ಕಾಫಿ ಲೋಟ ಕೆಳಗಿಟ್ಟಳು. "ಈಗ ನೋಡಿದ್ದೀನಿ, ಬಯ್ತೀನಿ. ಅವ್ನು ಮಾರಿದ ದಿನ ಅವ್ಳು ಏನು ಕೇಳಿದ್ಲು? ಯಾಕೆ ಮಾರ್ದೆ ಅಂತ. ಯಾಕೆ ಅಂತ ಯಾಕ್ ಕೇಳ್ಬೇಕು? ಅವ್ನತ್ರ ಸಾವಿರ ಕಾರಣ ಇರ್ತವೆ. ಯಾರಿಗೆ ಮಾರ್ದೆ ಅಂತ ಕೇಳ್ಬೇಕಿತ್ತು. ಅವತ್ತೇ ಓಗಿ ಹಿಡ್ಕೊಂಡು ಬರ್ಬೋದಿತ್ತು. ಅವ್ನಿಗೆ ಗಂಜಿ ಕಾಯಿಸ್ಕೊಂಡು ಅಷ್ಟು ದಿನ ಕುತ್ಕಂಡ್ಲಲ್ಲ, ದಡ್ಡಿ."

ಮೇಜಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಭಾವ. ಅಕ್ಕ ಎತ್ತಿದಳು. ಆ ಕಡೆಯಿಂದ, ಎಷ್ಟೊತ್ತಿಗೆ ಬತ್ತೀಯ, ಸಾರು ಬಿಸಿ ಮಾಡೋದು ಹೆಂಗೆ, ಕೊನೇಲಿ ಏನಾಯ್ತು, ಎಲ್ಲ ಒಟ್ಟಿಗೇ ಕೇಳುತ್ತಿದ್ದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ರೀ," ಅಂದಳು, "ನನ್ ಗಾಡಿ ಯಾರಿಗೆ ಮಾರಿದ್ರಿ?"