ಎರಡನೆಯ ತೆರಿಗೆಗೆ ತಲೆಬಾಗದ ಗಂಗುಲಪ್ಪನವರು

ಕೋಲಾರ ಜಿಲ್ಲೆಯಲ್ಲಿ ವರ್ತಕರ ಸಂಘಗಳಿಗೆ ಕೊರತೆಯಿಲ್ಲ. ಅವುಗಳ ಪರವಾಗಿ ಮಂತ್ರಿಗಳ ಕೊರಳಿಗೆ ಹಾರ ಹಾಕಿ, ಕೈಗೆ ಮನವಿ ಕೊಟ್ಟು, ಫೋಟೋಗೆ ನಿಂತು ಬರುವವರಿಗೂ ಕೊರತೆಯಿಲ್ಲ. ಕೊಟ್ಟ ಮನವಿಗೆ ಉತ್ತರ ಬರುವವರೆಗೂ ಕಚೇರಿಯ ಬೆಂಚು ಬಿಟ್ಟು ಏಳದವರು, ಬಂದ ಉತ್ತರ ಸರಿಯಿಲ್ಲದಿದ್ದರೆ ಕೊಟ್ಟವರ ಮುಖದೆದುರೇ ಸರಿಯಿಲ್ಲವೆನ್ನುವವರು ಬೇಕಾದಾಗ ಮಾತ್ರ, ಮಾಲೂರಿನಿಂದ ನಂಗಲಿಯ ಗಡಿಯವರೆಗೂ ಒಬ್ಬರ ಹೆಸರೇ ನೆನಪಾಗುತ್ತಿತ್ತು. ಮುಳಬಾಗಿಲಿನ ಹುಣಸೆ ಮತ್ತು ದಿನಸಿ ವರ್ತಕರ ಸಂಘದ ಕಾರ್ಯದರ್ಶಿಗಳಾಗಿ ಹದಿನಾರು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀ ಗಂಗುಲಪ್ಪನವರೇ ಅವರು. ಈ ಅಭಿನಂದನ ಗ್ರಂಥದಲ್ಲಿ ಸಿಹಿಯನ್ನಷ್ಟೇ ಬರೆಯಬೇಕೆಂದು ಸಮಿತಿಯವರ ಸೂಚನೆ. ಹುಣಸೆಹಣ್ಣಿನ ಸಂಘದವರಿಗೆ ಆ ಸೂಚನೆ ಹೇಗೆ ಹೊಳೆಯಿತೋ ತಿಳಿಯದು.

ತಾಯಲೂರಿನ ಕೆರೆ ಕೆಳಗೆ ರಾಗಿ ಬೆಳೆಯುತ್ತಿದ್ದ ಮನೆತನದಲ್ಲಿ ಹುಟ್ಟಿದ ಗಂಗುಲಪ್ಪನವರು ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲವು ವರ್ಷ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದು, 1972ರಲ್ಲಿ ಸಂಘಕ್ಕೆ ಬಂದರು. ಆಗ ಸಂಘವೆಂದರೆ ಬೇಳೆ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ. ಸರ್ಕಾರದ ಆದೇಶ ಬಂದರೆ ಅದನ್ನು ಫೈಲಿಗೆ ಸೇರಿಸಿ ಸುಮ್ಮನಾಗುವುದು ಅಲ್ಲಿಯವರೆಗಿನ ಪದ್ಧತಿ. ಗಂಗುಲಪ್ಪನವರು ಸಂತೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಆದೇಶವನ್ನು ಗಟ್ಟಿಯಾಗಿ ಓದಿ, ಅರ್ಥವನ್ನು ಕನ್ನಡದಲ್ಲೊಮ್ಮೆ, ಗಡಿ ಕಡೆಯವರಿಗಾಗಿ ತೆಲುಗಿನಲ್ಲೊಮ್ಮೆ ಹೇಳುವುದನ್ನು ರೂಢಿಗೆ ತಂದರು. ಕೇಳಲು ವರ್ತಕರಷ್ಟೇ ಅಲ್ಲ, ಗಾಡಿಯವರೂ ತರಕಾರಿ ಹೆಂಗಸರೂ ನಿಲ್ಲುತ್ತಿದ್ದರು. ಗೊಬ್ಬರದ ಗಾಡಿಗೂ ಸುಂಕ ಕೇಳಿದರೆಂದು ಮಾಲೂರು ರಸ್ತೆಯ ರೈತನೊಬ್ಬ ಅಳುತ್ತ ಬಂದಾಗ, ಅವನು ಸಂಘದ ಸದಸ್ಯನಲ್ಲವೆಂದು ಯಾರೋ ನೆನಪಿಸಿದರು. "ಸುಂಕ ಕೇಳಿದೋನು ಇವನು ಸದಸ್ಯನಾ ಅಂತ ಕೇಳಿದ್ನಾ?" ಎಂದ ಗಂಗುಲಪ್ಪನವರು ಅದೇ ಗಾಡಿ ಹತ್ತಿ ಹೋಗಿ, ಗೊಬ್ಬರವನ್ನು ಸುಂಕದ ಗೇಟು ದಾಟಿಸಿಯೇ ಹಿಂತಿರುಗಿದರು.

ಇಂಥ ಮನುಷ್ಯ ತಪ್ಪು ಮಾಡಿದಾಗ ಅದೂ ದೊಡ್ಡದಾಗಿಯೇ ಆಯಿತು.

ನಮ್ಮ ಸೀಮೆಯ ಹುಣಸೆ ವ್ಯಾಪಾರದ ರೀತಿ ಹೊರಗಿನವರಿಗೆ ತಿಳಿದಿರಲಾರದು. ಮರದಿಂದ ಉದುರಿಸಿದ ಹಣ್ಣನ್ನು ವರ್ತಕರು ಕೊಂಡು ಗೌನಿಪಲ್ಲಿ, ತಾಯಲೂರು ಸುತ್ತಿನ ಮನೆಗಳಿಗೆ ಹಂಚುತ್ತಾರೆ. ಹೆಂಗಸರು ಜಗುಲಿಯಲ್ಲಿ ಕೂತು ಹಣ್ಣು ಕುಟ್ಟಿ, ಬೀಜ, ನಾರು ಬಿಡಿಸಿ, ತೂಕಕ್ಕೆ ತಕ್ಕ ಕೂಲಿ ಪಡೆಯುತ್ತಾರೆ. ಬೇಸಿಗೆಯಲ್ಲಿ ಹೊಲದ ಕೆಲಸ ನಿಂತ ಮೇಲೆ ಆ ಮನೆಗಳಿಗೆ ಇದೊಂದೇ ಆಸರೆ. 1979ರಲ್ಲಿ ಸೀಮೆಎಣ್ಣೆಗೆ ಎಲ್ಲೆಲ್ಲೂ ಬರ ಬಂದು, ಹೊತ್ತು ಮುಳುಗಿದ ಮೇಲೆ ಜಗುಲಿಗಳು ಕತ್ತಲಾದವು. ಆಗ ಗಂಗುಲಪ್ಪನವರು ಮೇಲಿನವರಿಗೆ ಮನವಿ ಬರೆದರು. ಬರಿಯ ಮನೆಗೆಲಸವೆಂದರೆ ಯಾರೂ ಎಣ್ಣೆ ಕೊಡುವುದಿಲ್ಲವೆಂದು ತಿಳಿದು, ಬೀಜ ತೆಗೆಯುವುದನ್ನು 'ಗೃಹ ಕೈಗಾರಿಕೆ' ಎಂದು ಕರೆದು, ಸಿದ್ಧ ಹಣ್ಣನ್ನು ಅದರ 'ಉತ್ಪನ್ನ' ಎಂದು ಹಾಡಿ ಹೊಗಳಿದರು. ಎಣ್ಣೆ ಮಂಜೂರಾಯಿತು. ಸಂಘ ಅವರಿಗೆ ಶಾಲು ಹೊದಿಸಿತು.

ಮರುವರ್ಷ ತೆರಿಗೆಯವರು ಅದೇ ಮನವಿಯನ್ನು ತೋರಿಸಿದರು. ಕೈಗಾರಿಕೆಯಾದರೆ ಅದರಿಂದ ಹೊರಬಂದದ್ದು ಹೊಸ ಸರಕು. ಬೀಜವಿದ್ದ ಹಣ್ಣಿಗೆ ಒಮ್ಮೆ ಕಟ್ಟಿದ ತೆರಿಗೆಯನ್ನು ಬೀಜ ತೆಗೆದ ಹಣ್ಣಿಗೂ ಇನ್ನೊಮ್ಮೆ ಕಟ್ಟಬೇಕು ಎಂದಾಯಿತು.

ಸಂಘದ ಸಭೆ ಸೇರಿತು. ಅಧ್ಯಕ್ಷರಾದ ಚನ್ನರಾಯಪ್ಪನವರು ಎರಡು ಉಪಾಯ ಮುಂದಿಟ್ಟರು. ಬೀಜವಿದ್ದ ಹಣ್ಣನ್ನೇ ನಂಗಲಿ ದಾಟಿಸಿ ಆಂಧ್ರದ ಕಡೆ ಕುಟ್ಟಿಸುವುದು ಒಂದು. ವಿಚಾರಣೆ ಬಂದರೆ, ಆ ಮನವಿ ಬರೆದವರು ಹಿಂದಿನ ವರ್ಷ ತೀರಿಕೊಂಡ ರೈಟರ್ ಪೆದ್ದಪ್ಪನವರು, ಸಂಘಕ್ಕೆ ತಿಳಿಯದು ಎನ್ನುವುದು ಇನ್ನೊಂದು.

"ಸತ್ತೋರು ಬಂದು ಇಲ್ಲ ಅಂತಾರೇನಯ್ಯ?" ಎಂದು ಚನ್ನರಾಯಪ್ಪನವರು ನಕ್ಕರು.

"ಅವರು ಬರಲ್ಲ, ನಾನು ಬರ್ತೀನಿ," ಎಂದರು ಗಂಗುಲಪ್ಪನವರು. "ಬರೆದೋನು ನಾನು. ಪೆದ್ದಪ್ಪನ ಹೆಸರು ಎತ್ತಿದ್ರೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳ್ತೀನಿ. ಹಣ್ಣು ಗಡಿ ದಾಟಿದ್ರೆ ಗೌನಿಪಲ್ಲಿ ಹೆಂಗಸ್ರು ಬೇಸಿಗೇಲಿ ಏನು ಕುಟ್ಬೇಕು, ನಿಮ್ಮ ತಲೇನಾ?"

ಈ ಮಾತು ನಡವಳಿ ಪುಸ್ತಕದಲ್ಲಿಲ್ಲ. ಚನ್ನರಾಯಪ್ಪನವರೇ ಈ ಗ್ರಂಥ ಸಮಿತಿಯ ಅಧ್ಯಕ್ಷರೂ ಆಗಿರುವುದರಿಂದ, ಇಲ್ಲಿ ಬರೆದದ್ದು ಸುಳ್ಳಾದರೆ ಅಚ್ಚಿಗೆ ಕೊಡುವ ಮೊದಲು ಅವರೇ ಹೊಡೆದುಹಾಕಲಿ.

ಗಂಗುಲಪ್ಪನವರ ಎದೆಯಲ್ಲಿ ಅಂದು ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಕೈಗಾರಿಕೆಯಲ್ಲ ಎಂದು ವಾದಿಸಿದರೆ ಕೈಗಾರಿಕೆಗೆಂದು ಪಡೆದ ಎಣ್ಣೆ ಹೋಗುತ್ತದೆ. ಸುಮ್ಮನಿದ್ದರೆ ಹಣ್ಣು ಗಡಿ ದಾಟಿ ಹೆಂಗಸರ ಕೆಲಸವೇ ಹೋಗುತ್ತದೆ. ಇದನ್ನು ತಾವೊಬ್ಬರೇ ತೀರ್ಮಾನಿಸುವ ಹಕ್ಕು ತಮಗಿಲ್ಲವೆಂದು ಮರುದಿನ ಬಸ್ಸು ಹತ್ತಿ ಗೌನಿಪಲ್ಲಿಗೆ ಹೋದರು. ಅಲ್ಲಿ ಹಣ್ಣು ಹಂಚಿಕೊಂಡು ಕೆಲಸ ನಡೆಸುತ್ತಿದ್ದ ಅಕ್ಕಯಮ್ಮನವರು, ಇವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಏಮಿ ನಾಯನಾ ಗಂಗುಲಪ್ಪ, ನಮ್ಮ ಜಗುಲಿ ಫ್ಯಾಕ್ಟ್ರಿ ಆಯ್ತಂತೆ? ಸೈರನ್ನು ಯಾವಾಗ ಕೂಗಿಸ್ತೀಯ?"

"ತಪ್ಪು ನನ್ನದೇ ಅಕ್ಕಯಮ್ಮ. ಎಣ್ಣೆ ಕೇಳೋಕೋಗಿ ಕತ್ತು ಕೊಟ್ಟು ಬಂದೆ."

"ನಿನ್ನ ಕತ್ತಲ್ಲಪ್ಪ, ನಮ್ಮದು. ನಿನ್ನದು ಅಲ್ಲೇ ಐತಲ್ಲ."

ಕುಟ್ಟುತ್ತಿದ್ದ ಹೆಂಗಸರೆಲ್ಲ ನಕ್ಕರು. ಗಂಗುಲಪ್ಪನವರು ನಗಲಿಲ್ಲ. ಎಣ್ಣೆ ಬಿಟ್ಟುಕೊಟ್ಟರೆ ಮಾತ್ರ ಇದು ಕೈಗಾರಿಕೆಯಲ್ಲವೆಂಬ ವಾದಕ್ಕೆ ಬೆಲೆ ಬರುತ್ತದೆ, ನೀವು ಬೇಡವೆಂದರೆ ಎಣ್ಣೆ ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಅಕ್ಕಯಮ್ಮನವರು ಉಳಿದವರ ಮುಖ ನೋಡಿ, "ಎಣ್ಣೆ ಹೋದ್ರೆ ಕೋಳಿ ಕೂಗೋವಾಗ ಎದ್ದು ಕುಟ್ತೀವಿ. ಹಣ್ಣೇ ಹೋದ್ರೆ ಎದ್ದು ಏನ್ ಮಾಡೋಣ? ಹೋಗಿ ಹೇಳು. ಈ ಸಾರಿ ಮಾತು ಸಣ್ಣದಾಗಿ ಹೇಳು," ಎಂದರು.

ಕೋಲಾರದ ವಿಚಾರಣೆಯಲ್ಲಿ ಅಧಿಕಾರಿಗಳು ಮನವಿಯನ್ನು ಮುಂದೆ ಸರಿಸಿ, "ಇದು ನಿಮ್ಮ ಬರಹವೇ ತಾನೇ?" ಎಂದು ಕೇಳಿದರು.

"ನನ್ನದೇ ಸ್ವಾಮಿ. ಎಣ್ಣೆ ಆಸೆಗೆ ಉಬ್ಬಿಸಿ ಬರೆದೆ. ಅದಕ್ಕೆ ಶಿಕ್ಷೆ ಇದ್ದರೆ ನನಗೆ ಕೊಡಿ. ಆದರೆ ನಾನು ಉಬ್ಬಿಸಿದೆ ಅಂತ ಹುಣಸೆಹಣ್ಣು ಬೇರೆ ಹಣ್ಣಾಗಲ್ಲ. ನಿಮ್ಮ ಮನೇಲಿ ಸಾರಿಗೆ ಹಿಂಡೋವಾಗ ಅಮ್ಮಾವ್ರೂ ಬೀಜ ತೆಗೀತಾರೆ. ಅವರಿಗೂ ನೋಟಿಸು ಕಳಿಸ್ತೀರಾ?"

ಪಕ್ಕದಲ್ಲಿದ್ದ ಚನ್ನರಾಯಪ್ಪನವರು ಪಂಚೆಯ ತುದಿ ಹಿಡಿದು ಎಳೆದರು. ಅಧಿಕಾರಿಗಳು ಕೋಪವನ್ನು ನುಂಗಿಕೊಂಡು, ಹಾಗಾದರೆ ಎಣ್ಣೆಯ ಮಂಜೂರಾತಿ ರದ್ದಾಗುತ್ತದೆ, ಒಪ್ಪಿಗೆಯೇ ಎಂದರು. ಒಪ್ಪಿಗೆಯೆಂದು ಗಂಗುಲಪ್ಪನವರು ನಿಂತಲ್ಲೇ ಬರೆದುಕೊಟ್ಟರು. ಎಣ್ಣೆ ಆ ವಾರವೇ ನಿಂತಿತು. ತೆರಿಗೆಯ ವಿಷಯ ಮಾತ್ರ ಮೇಲೆ ಪರಿಶೀಲನೆಗೆ ಹೋಯಿತು. ಸರ್ಕಾರದ ಕಾಲುಗಳು ಕಿತ್ತುಕೊಳ್ಳುವಾಗ ಓಡುತ್ತವೆ, ಕೊಡುವಾಗ ಕುಂಟುತ್ತವೆ.

ಅಷ್ಟರಲ್ಲಿ ಸಂಘದ ಕೆಲವರು ತಾಳ್ಮೆಗೆಟ್ಟು ಬೀಜವಿದ್ದ ಹಣ್ಣನ್ನೇ ಲಾರಿಗೆ ತುಂಬಿಸಿದರು. ಸುದ್ದಿ ತಿಳಿದ ಗಂಗುಲಪ್ಪನವರು ನಂಗಲಿಗೆ ಹೋಗಿ, ಗಡಿಗೆ ಕೂಗಳತೆ ದೂರದಲ್ಲಿ ರಸ್ತೆಯ ಮಧ್ಯೆ ಟವೆಲ್ ಹಾಸಿ ಕೂತರು.

"ಏಳು ಸಾರ್, ಹಿಂದೆ ಲಾರಿಗಳು ನಿಂತವೆ," ಎಂದ ಡ್ರೈವರು.

"ನಿಲ್ಲಲಿ ಬಿಡ್ಲಾ. ನಿನ್ನ ಲಾರಿ ಹಿಂದಕ್ಕೆ ತಿರುಗಿದ್ರೆ ಎಲ್ಲ ಹೋಗ್ತವೆ."

ತಮ್ಮದೇ ಸಂಘದ ಲಾರಿಯನ್ನು ತಡೆದ ಕಾರ್ಯದರ್ಶಿ ರಾಜ್ಯದಲ್ಲಿ ಇನ್ನೊಬ್ಬರಿದ್ದರೆ ಗೊತ್ತಿಲ್ಲ. ಲಾರಿ ತಿರುಗಿತು. ಅದಕ್ಕೆ ಪ್ರತಿಯಾಗಿ ಸಂಘ ಅವರ ಸಂಬಳ ತಡೆಹಿಡಿಯಿತು; ಅವರು ಸಂಬಳವಿಲ್ಲದೆಯೇ ಬಂದು ಬಾಗಿಲು ತೆರೆದರು. ಬೆಂಗಳೂರಿನ ಕಚೇರಿಗಳಿಗೆ ಅಲೆದು, ಮಾಲೂರಿನ, ಶ್ರೀನಿವಾಸಪುರದ ಸಂಘಗಳನ್ನೂ ಜೊತೆಗೆಳೆದು, ಒಂದೇ ಮಾತನ್ನು ಹತ್ತು ಮೇಜುಗಳ ಮುಂದೆ ಸಣ್ಣದಾಗಿಯೇ ಹೇಳಿದರು. ಮರುವರ್ಷ ಸುಗ್ಗಿಗೆ ಮುಂಚೆ ಎರಡನೆಯ ತೆರಿಗೆ ರದ್ದಾಯಿತು. ಹಣ್ಣು ಜಗುಲಿಗಳಲ್ಲೇ ಉಳಿಯಿತು. ಸಂಘ ಎರಡನೆಯ ಶಾಲು ತಂದಾಗ, "ಮೊದಲಿನದು ವಾಪಸ್ ತಗೊಳ್ಳಿ, ಆಮೇಲೆ ನೋಡೋಣ," ಎಂದು ಕೈ ಮುಗಿದರು.

ಆ ಗೆಲುವಿನಲ್ಲೂ ಅವರಿಗೊಂದು ಮುಳ್ಳು ಉಳಿದಿತ್ತು. ಎಣ್ಣೆ ಬಿಟ್ಟುಕೊಟ್ಟದ್ದು ಹೆಂಗಸರು, ಹಣ್ಣು ಉಳಿಸಿಕೊಂಡದ್ದು ವರ್ತಕರೂ ಹೆಂಗಸರೂ ಇಬ್ಬರೂ. ಸಂಘದ ಸಭೆಯಲ್ಲಿ ಕೂರುವವರು ಮಾತ್ರ ವರ್ತಕರು. ನಿವೃತ್ತಿಗೆ ಮುನ್ನ ಅವರು ತಂದ ಕೊನೆಯ ಠರಾವು, ಹಣ್ಣು ಕುಟ್ಟುವ ಹೆಂಗಸರಿಗೂ ಸದಸ್ಯತ್ವ ಕೊಡಬೇಕೆಂಬುದು. ಕಾರ್ಯಕಾರಿ ಸಮಿತಿ ಅದನ್ನು ಮುಂದೂಡಿತು. ಕಾರ್ಯದರ್ಶಿ ಹೋದರೆ ಠರಾವೂ ಹೋಯಿತೆಂದು ಕೆಲವರು ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದಾರೆ. ಗಂಗುಲಪ್ಪನವರು ನಿವೃತ್ತಿಯ ಮರುದಿನಕ್ಕೆ ಸಾಮಾನ್ಯ ಸದಸ್ಯತ್ವದ ಅರ್ಜಿ ಸಿದ್ಧಮಾಡಿಟ್ಟಿರುವುದು ಆ ಕೆಲವರಿಗೆ ಇನ್ನೂ ತಿಳಿದಿಲ್ಲ. ಈ ಲೇಖನದಿಂದ ತಿಳಿಯಲಿ.

ಅವರು ಆರಾಮವಾಗಿ ವಿಶ್ರಾಂತಿ ಪಡೆಯಲೆಂದು ಹಾರೈಸುವವರು ಹಾರೈಸಲಿ. ನಮ್ಮ ಹಾರೈಕೆ ಬೇರೆ. ಮುಂದಿನ ಮಹಾಸಭೆಗೆ ಆ ಠರಾವು ಬರುತ್ತದೆ, ಗಂಗುಲಪ್ಪನವರೂ ಬರುತ್ತಾರೆ, ಅಕ್ಕಯಮ್ಮನವರು ಬಾಗಿಲಲ್ಲಿ ನಿಂತಿರುತ್ತಾರೆ. ಆ ದಿನಕ್ಕೂ ಅದರಾಚೆಯ ಬಹಳ ವರ್ಷಗಳಿಗೂ ದೇವರು ಗಂಗುಲಪ್ಪನವರ ಮೊಣಕಾಲಿಗೆ ಬಲವನ್ನೂ ಗಂಟಲಿಗೆ ಗಟ್ಟಿತನವನ್ನೂ ಕೊಟ್ಟಿರಲಿ.