ಬೀಗಿತ್ತಿಗೆ ಕೊಟ್ಟ ನಿಂಬೆಹಣ್ಣು

ಬೆಳಿಗ್ಗೆ ಒಂಬತ್ತರ ರೈಲಿಗೆ ನಾನೂ ಮಗಳು ಅನುವೂ ಫ್ರೀಮಾಂಟಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೆವು. ಅವಳು ಮದುವೆಯಾಗಲಿರುವ ಹುಡುಗ ಇಂಗ್ಲಿಷರವನು. ಅವನ ತಾಯಿ ಮಾರ್ಗರೆಟ್ ಅವರನ್ನು ನಾನು ಮೊದಲ ಸಲ ಕಾಣುವುದಿತ್ತು. ಅವರು ಮನಸಾರೆ ಒಪ್ಪದೆ ಮಗ ದಿನ ಗೊತ್ತುಮಾಡುವುದಿಲ್ಲ ಎಂದು ಅನು ದಾರಿಯುದ್ದಕ್ಕೂ ಉಗುರು ಕಚ್ಚುತ್ತಿದ್ದಳು. ನನಗೆ ಹೆದರಿಕೆಯಿರಲಿಲ್ಲ. ಮೈಸೂರಿನ ಕಾನ್ವೆಂಟಿನ ಇಂಗ್ಲಿಷು ಬಾಯಲ್ಲಿತ್ತು, ಇಲ್ಲಿ ಸಿಗುವ ಹಸಿರು ನಿಂಬೆಹಣ್ಣೊಂದು ಕೈಚೀಲದಲ್ಲಿತ್ತು.

ರೈಲಿನಲ್ಲಿ ಮುಕ್ಕಾಲು ಗಂಟೆ, ಆಮೇಲೆ ಟ್ರಾಮು. ಜುಲೈ ತಿಂಗಳಾದರೂ ಕಡಲ ದಂಡೆಯಲ್ಲಿ ಚಳಿಗಾಳಿ. ಸೀರೆಯ ಮೇಲೆ ಅನುವಿನ ಜಾಕೆಟ್ಟು ಹಾಕಿಕೊಂಡೆ. ಬ್ರಿಟನ್ನಿನಲ್ಲಿ ಕಟ್ಟಿದ ಹಳೆಯ ಹಾಯಿಹಡಗೊಂದು ಅಲ್ಲಿ ನಿಂತಿದೆ. ಅದರೆದುರಿನ ಬೆಂಚಿನಲ್ಲಿ ಮಾರ್ಗರೆಟ್ ಕಾದಿದ್ದರು. ಅವರ ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು. ನಮ್ಮ ಪದ್ಧತಿಯಂತೆ ಎರಡೂ ಕೈಯಲ್ಲಿ ನಿಂಬೆಹಣ್ಣು ಕೊಟ್ಟೆ.

ಅವರ ಮುಖ ಬಿಗಿಯಿತು. ಹಣ್ಣನ್ನು ಬೆಂಚಿನ ಮೇಲಿಟ್ಟರು. ಎಂಟು ವರ್ಷದವರಾಗಿದ್ದಾಗ ಈ ದೇಶಕ್ಕೆ ಬಂದರಂತೆ. ಶಾಲೆಯ ಮಕ್ಕಳು 'ಲೈಮಿ' ಎಂದು ಕೂಗಿ, ಡೆಸ್ಕಿನೊಳಗೆ ಇಂಥದೇ ಹಣ್ಣು ತುಂಬಿಡುತ್ತಿದ್ದರಂತೆ. ಹಸಿರು ನಿಂಬೆಗೆ ಇಂಗ್ಲಿಷಿನಲ್ಲಿ 'ಲೈಮ್' ಎನ್ನುತ್ತಾರೆ; ಬ್ರಿಟಿಷರಿಗೆ ಅಮೆರಿಕನ್ನರಿಟ್ಟ ಅಡ್ಡಹೆಸರು ಅದರಿಂದಲೇ ಬಂದದ್ದು.

"ಅಮ್ಮ, ಬೇರೇನೂ ಸಿಗ್ಲಿಲ್ವಾ ನಿನಗೆ?" ಅನು ಪಿಸುಗುಟ್ಟಿದಳು.

ಆ ಹೆಸರಿನ ಮೂಲವನ್ನು ನಮ್ಮ ವಿಜ್ಞಾನದ ಸಿಸ್ಟರ್ ಪಾಠದಲ್ಲೇ ಹೇಳಿದ್ದರು. ತಿಂಗಳುಗಟ್ಟಲೆ ಕಡಲಿನಲ್ಲಿರುವ ನಾವಿಕರು ವಸಡು ಕೊಳೆತು ಸಾಯುತ್ತಿದ್ದರು. ಬ್ರಿಟಿಷರು ತಮ್ಮವರಿಗೆ ದಿನವೂ ನಿಂಬೆರಸ ಕುಡಿಸಿದರು. ಅದನ್ನೇ ಹಾಸ್ಯಮಾಡಿ ಅಮೆರಿಕದ ನಾವಿಕರು ಅವರಿಗೆ ನಿಂಬೆರಸದವರೆಂದು ಹೆಸರಿಟ್ಟರು. ಇದನ್ನೆಲ್ಲ ಮಾರ್ಗರೆಟ್‌ಗೆ ಹೇಳಿ ಎದುರಿನ ಹಡಗು ತೋರಿಸಿದೆ.

"ಆಡಿಕೊಂಡವರು ಆಡಿಕೊಳ್ಳಲಿ. ಕುಡಿದವರು ಜೀವಂತ ಮನೆ ಸೇರಿದರಲ್ಲ," ಎಂದೆ. ದೊಡ್ಡವರನ್ನು ಕಾಣಲು ನಾವು ಬರಿಗೈಯಲ್ಲಿ ಹೋಗುವುದಿಲ್ಲ, ನಿಂಬೆಹಣ್ಣೊಂದಿದ್ದರೂ ಸಾಕು ಎಂದೂ ಹೇಳಿದೆ.

ಅವರು ಹಡಗನ್ನು ನೋಡಿ ನನ್ನ ಕಡೆ ತಿರುಗಿದರು. "ಅಂದರೆ ನಿಮಗಿಂತ ನಾನು ದೊಡ್ಡವಳೆಂದು ತೀರ್ಮಾನಿಸಿಬಿಟ್ಟಿರಾ?"

"ಹುಡುಗನ ತಾಯಿ ಯಾವಾಗಲೂ ದೊಡ್ಡವರೇ."

ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

ಅವರು ಕರಿದ ಮೀನು ತಿಂದರು, ನಾನು ಆಲೂಗಡ್ಡೆ ತಿಂದೆ. ಮದುವೆಯ ಮಾತು ಬರಲೇ ಇಲ್ಲ. ಹಣ್ಣು ನಮ್ಮಿಬ್ಬರ ನಡುವೆ ಬೆಂಚಿನ ಮೇಲೇ ಇತ್ತು. ಮೂರು ಗಂಟೆಗೆ ನಾವು ಹೊರಟಾಗಲೂ ಅವರು ಅದನ್ನು ಮುಟ್ಟಿರಲಿಲ್ಲ. ಅನು ತಲೆ ತಗ್ಗಿಸಿ ನಡೆದಳು.

ಟ್ರಾಮು ಹತ್ತುವ ಮುಂಚೆ ತಿರುಗಿ ನೋಡಿದೆ. ಮಾರ್ಗರೆಟ್ ಎದ್ದಿದ್ದರು. ಎರಡೂ ಕೈಯಲ್ಲಿ ಹಣ್ಣನ್ನು ಹಿಡಿದು ಒಮ್ಮೆ ಮೂಸಿ, ಕೋಟಿನ ಜೇಬಿಗಿಟ್ಟುಕೊಂಡರು.

"ಮನೆಗೆ ಹೋದ ತಕ್ಷಣ ಪುರೋಹಿತರಿಗೆ ಫೋನು ಮಾಡಿ ದಿನ ಕೇಳ್ತೀನಿ ಕಣೇ," ಎಂದೆ.