ಪರದೆಯ ಮುಂದಿನ ತುತ್ತು

ಮನೆಯವರು ಅವಳನ್ನು ತಮಾಷೆಗೆ ‘ಕಾಲು ಡಾಕ್ಟ್ರು’ ಎನ್ನುತ್ತಿದ್ದರು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ವಿದ್ಯೆ ಕಲಿಯಲು ಅವಳು ಸಮುದ್ರ ದಾಟಿ ಹೋಗಿದ್ದಳು. ಮೂರು ವರ್ಷದ ಮಗಳು ಗುಬ್ಬಿ ಅಜ್ಜಿಯ, ಅಂದರೆ ಇವಳ ಅಮ್ಮನ, ಬಳಿ ಉಳಿದಳು. ಒಂದೇ ವರ್ಷದ ಓದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ಎಲ್ಲರೂ ಧೈರ್ಯ ಹೇಳಿದ್ದರು. ಹೇಳಿದವರಲ್ಲಿ ಯಾರೂ ಮಗುವನ್ನು ಬಿಟ್ಟು ಹೋಗುವವರಲ್ಲ, ಅಷ್ಟೆ.

ಅವಳು ಹೊರಟ ವಾರವೇ ಗುಬ್ಬಿ ಊಟ ಬಿಟ್ಟಳು. ತುತ್ತು ಬಾಯಿಗಿಟ್ಟರೆ ಥೂ ಎಂದು ಉಗಿಯುವಳು. ಮಗು ಒಂದು ಹೊತ್ತು ಉಪವಾಸವಿದ್ದರೇ ಎದೆ ಢವಢವ ಎನ್ನುತ್ತದೆ, ಇನ್ನು ದೂರದಲ್ಲಿ ಕೂತು ಕೇಳುವವಳ ಗತಿ? ಕೊನೆಗೆ ಅಜ್ಜಿಯೇ ಉಪಾಯ ಹೂಡಿದರು. ಫೋನಿನ ಪರದೆಯಲ್ಲಿ ಅಮ್ಮ ಒಂದು ತುತ್ತು ತಿಂದರೆ ಮಗಳೂ ಒಂದು ತುತ್ತು. ಗುಬ್ಬಿ ಬಾಯಿ ತೆರೆದಳು.

ಆದರೆ ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ. ಮಗಳಿಗೆ ಊಟದ ಹೊತ್ತಾದಾಗ ಇವಳಿಗೆ ಒಂದೋ ಕಣ್ಣು ಎಳೆಯುತ್ತಿರುತ್ತಿತ್ತು, ಇಲ್ಲವೇ ಬಸ್ಸಿಗೆ ಓಡುವ ಗಡಿಬಿಡಿ. ಹಾಗಾಗಿ ಖಾಲಿ ಬಟ್ಟಲಿನ ಒಳಗು ಪರದೆಗೆ ಕಾಣದಂತೆ ಹಿಡಿದು, ಖಾಲಿ ಚಮಚ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ಅಗಿದು, ‘ಆಹಾ, ಎಷ್ಟು ರುಚಿ!’ ಎನ್ನುವುದನ್ನು ಕಲಿತಳು.

ವಿಚಿತ್ರವೆಂದರೆ ಹಾಗೆ ಅಗಿದೂ ಅಗಿದೂ ಅವಳ ಹೊಟ್ಟೆಯೇ ಮೋಸಹೋಯಿತು. ಫೋನ್ ಇಟ್ಟ ಮೇಲೆ ಊಟ ಮುಗಿಸಿ ಎದ್ದಂತೆಯೇ ಅನಿಸುತ್ತಿತ್ತು. ಒಗ್ಗರಣೆ ಕಾಣದ ಆ ಬಟ್ಟಲನ್ನು ತೊಳೆದು ಬೋರಲು ಹಾಕುತ್ತಿದ್ದಳು ಕೂಡ! ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಎದುರು ಕಟ್ಟಡದ ಗೋಡೆಯನ್ನಷ್ಟೇ ತೋರಿಸುವ ಕಿಟಕಿ. ಒಬ್ಬಳಿಗೋಸ್ಕರ ಯಾರು ಒಲೆ ಹಚ್ಚುತ್ತಾರೆ? ದಾರಿಯಲ್ಲಿ ಬಿಸ್ಕತ್ತು, ಕಾಲೇಜಿನಲ್ಲಿ ಕಾಫಿ. ಅಮ್ಮ “ಊಟ ಆಯ್ತೇನೇ?” ಎಂದರೆ, “ಈಗ್ತಾನೆ ನೀನೇ ನೋಡಿದ್ಯಲ್ಲ” ಎನ್ನುವಳು. ಸುಳ್ಳು ಹೇಳುತ್ತಿದ್ದೇನೆ ಅಂತಲೂ ಅನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾರ್ಯಾಗಾರದಲ್ಲಿ ಕೃತಕ ಕಾಲಿನ ಅಳತೆಗಾಗಿ, ಮುದುಕ ಲಾರಿ ಡ್ರೈವರೊಬ್ಬರ ಮೊಣಕಾಲಿನ ಕೆಳಗೆ ಉಳಿದಿದ್ದ ಮೊಂಡುಗಾಲಿನ ಅಚ್ಚು ತೆಗೆಯಬೇಕಿತ್ತು. ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಗಟ್ಟಿಯಾಗುವವರೆಗೆ ಎರಡೂ ಕೈಯಲ್ಲಿ ಅಲುಗಾಡದಂತೆ ಒತ್ತಿ ಹಿಡಿಯುವ ಕೆಲಸ. ಅವಳ ಬೆರಳುಗಳು ತಾವಾಗಿಯೇ ನಡುಗತೊಡಗಿದವು.

“ಏನಮ್ಮಾ, ಕಾಲು ಹೋಗಿರೋದು ನನ್ದು. ನೀನ್ಯಾಕೆ ತೂರಾಡ್ತಿದೀಯ?” ಎಂದು ಡ್ರೈವರ್ ನಕ್ಕರು. ಅಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿದು, ಅವಳು ಮೇಜು ಹಿಡಿದುಕೊಂಡಳು. ಅಚ್ಚು ಸೊಟ್ಟಗಾಯಿತು.

ಮೇಷ್ಟ್ರು ಅದನ್ನು ತಿರುಗಿಸಿ ನೋಡಿ ಮೂಲೆಗೆ ಎಸೆದರು. “ಕೂದಲೆಳೆಯಷ್ಟು ತಪ್ಪಿದ್ರೂ ಅವರ ಚರ್ಮ ಸುಲಿದುಹೋಗುತ್ತೆ. ಮುಂದಿನ ವಾರ ಪರೀಕ್ಷೇಲೂ ಕೈ ಹೀಗೇ ನಡುಗಿದ್ರೆ ಇನ್ನೊಂದು ವರ್ಷ ಇಲ್ಲೇ ಕಲೀಬೇಕು.”

ಇನ್ನೊಂದು ವರ್ಷ! ಅಷ್ಟರಲ್ಲಿ ಗುಬ್ಬಿ ಶಾಲೆಗೆ ಸೇರಿರುತ್ತಾಳೆ.

ಕಾಲೇಜಿನ ನರ್ಸಮ್ಮ ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದಳು. “ನಿನ್ನೆ ಏನು ತಿಂದ್ರಿ?”

“ನಿನ್ನೆ ಮಗಳ ಜೊತೆ…”

“ಏನು ತಿಂದ್ರಿ ಅಂತ ಕೇಳಿದ್ದು, ಯಾರ ಜೊತೆ ಅಂತಲ್ಲ.”

ಅವಳು ಬೆರಳು ಮಡಚಿ ಎಣಿಸಿದಳು. “ಬಿಸ್ಕತ್ತು. ಕಾಫಿ.” ಎರಡನೇ ಬೆರಳಿಗೇ ಲೆಕ್ಕ ಮುಗಿಯಿತು.

ಅಂದು ರಾತ್ರಿ, ಗುಬ್ಬಿಯ ಮಧ್ಯಾಹ್ನದ ಊಟದ ಹೊತ್ತಿಗೆ, ಕರೆ ಮಾಡಿ ಖಾಲಿ ಬಟ್ಟಲನ್ನು ಪರದೆಗೆ ತೋರಿಸಿಬಿಟ್ಟಳು. “ಗುಬ್ಬೀ, ಇದ್ರಲ್ಲಿ ಏನೂ ಇಲ್ಲ ಕಂದಾ. ನಿನ್ನ ಊಟದ ಹೊತ್ತಿಗೆ ಅಮ್ಮಂಗೆ ಹಸಿವಾಗಲ್ಲ.”

ಗುಬ್ಬಿಯ ತುಟಿ ಸೊಟ್ಟಗಾಯಿತು. ತಟ್ಟೆ ತಳ್ಳಿ ಎದ್ದು ಹೋದಳು.

“ಅಯ್ಯೋ, ಯಾಕೆ ಹೇಳಕ್ಕೆ ಹೋದ್ಯೇ!” ಎಂದು ಅಮ್ಮ ಹಣೆ ಚಚ್ಚಿಕೊಂಡರು. ಆಮೇಲೆ ಕನ್ನಡಕ ಏರಿಸಿ ಪರದೆಗೆ ಹತ್ತಿರ ಬಾಗಿದರು. “ಎಷ್ಟು ದಿನದಿಂದ ಹೀಗೆ? ಮುಖ ನೋಡು, ಒಣಗಿದ ನಿಂಬೆಹಣ್ಣು ಆಗಿದೆ. ಇನ್ಮೇಲೆ ಊಟದ ಹೊತ್ತಿಗೆ ಫೋನ್ ಮಾಡ್ಬೇಡ. ನಿನ್ನ ಕಂಡ್ರೆ ಇವಳು ಹಟ ಹಿಡೀತಾಳೆ. ನಾನು ತಿನ್ನಿಸ್ಕೋತೀನಿ. ನೀನು ಮೊದ್ಲು ತಿನ್ನು.”

ಮರುದಿನ ಕರೆಯ ಹೊತ್ತಿಗೆ ಅವಳು ಫೋನನ್ನು ದಿಂಬಿನಡಿ ತುರುಕಿದಳು. ಮತ್ತೆ ತೆಗೆದಳು. ಮತ್ತೆ ತುರುಕಿದಳು. ಕೊನೆಗೆ ಅಮ್ಮನ ಸಂದೇಶ ಬಂತು: ‘ಅರ್ಧ ತಟ್ಟೆ ತಿಂದ್ಲು.’ ಅದನ್ನು ಓದಿ ಸಮಾಧಾನವೂ ಆಯಿತು, ಎಲ್ಲೋ ಚುಳ್ ಎಂದಿತು ಕೂಡ. ಎದ್ದು ಅಕ್ಕಿ ತೊಳೆದಳು, ಮೊಟ್ಟೆ ಬೇಯಿಸಿದಳು. ಗೋಡೆಗೆ ಮುಖಮಾಡಿ ತಿಂದಳು. ಮೊದಮೊದಲು ಅರ್ಧ ಬಟ್ಟಲು ಹಾಗೇ ಉಳಿಯುತ್ತಿತ್ತು. ವಾರ ಕಳೆಯುವುದರೊಳಗೆ ಹೊಟ್ಟೆಯೇ ಹೊತ್ತಿಗೆ ಸರಿಯಾಗಿ ಕರೆಯತೊಡಗಿತು.

ಪರೀಕ್ಷೆಯ ದಿನ ಬೆಳಿಗ್ಗೆ ಪ್ಲಾಸ್ಟರ್ ಬಿಸಿಯೇರಿ ಗಟ್ಟಿಯಾಗುವವರೆಗೂ ಕೈ ಅಲುಗಲಿಲ್ಲ. ಮೇಷ್ಟ್ರು ಅಚ್ಚಿನೊಳಗೆ ಬೆರಳಾಡಿಸಿ, “ಹೂಂ, ಪಾಸು” ಎಂದಷ್ಟೇ ಹೇಳಿದರು. ಅವಳು ಕಾರಿಡಾರಿಗೆ ಬಂದವಳೇ, ಅಮ್ಮ ಬೇಡವೆಂದಿದ್ದ ಹೊತ್ತೆಂಬುದನ್ನೂ ಮರೆತು, ಮನೆಗೆ ಫೋನ್ ಮಾಡಿದಳು.

“ಗುಬ್ಬೀ! ಅಮ್ಮ ಪಾಸು ಕಣೇ!”

“ಅಮ್ಮಾ, ಬಾಯಲ್ಲಿ ಅನ್ನ ಇದೆ. ಆಮೇಲ್ ಮಾತಾಡು,” ಎಂದ ಗುಬ್ಬಿ, ಕೆನ್ನೆ ಉಬ್ಬಿಸಿಕೊಂಡೇ ಫೋನ್ ಕಟ್ ಮಾಡಿದಳು.

ಕಾರಿಡಾರಿನಲ್ಲಿ ವಿದ್ಯಾರ್ಥಿಗಳು ಗುಂಪು ಗುಂಪಾಗಿ ನಗುತ್ತಾ ಹಾದುಹೋದರು. ಹೇಳಿಕೊಳ್ಳಲು ಇನ್ಯಾರೂ ಇರಲಿಲ್ಲ. ಅವಳು ಉಗುರ ಸಂದಿಯ ಪ್ಲಾಸ್ಟರನ್ನು ತಿಕ್ಕಿ ತೊಳೆದು, ಕ್ಯಾಂಟೀನಿನ ಸಾಲಿನಲ್ಲಿ ಹೋಗಿ ನಿಂತಳು.